ಬಸಲಿಂಗವ್ವನ ತಲೆ ಹಗುರಾದ ದಿನ

ಹೇಳದೆ ಉಳಿದ ಮಾತು ಹೆಂಗಸರ ಕೂದಲಲ್ಲಿ ಸಿಕ್ಕಾಗಿ ಕೂರುತ್ತದೆ. ಬರೆದರೆ ಸಿಕ್ಕು ತಾನಾಗಿ ಬಿಡುತ್ತದೆ. ಕತ್ತರಿಸಿದರೆ ಅದರೊಂದಿಗೆ ಮಾತೂ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಇದು ಸಣ್ಣ ಹುಡುಗಿಯರಿಗೂ ಗೊತ್ತು. ಆದರೂ ಬರೆಯಲು ಪುರುಸೊತ್ತಿಲ್ಲದ ಮನೆಗಳಲ್ಲಿ ಬಾಚಣಿಗೆಯ ಪಕ್ಕ ಕತ್ತರಿ ಇದ್ದೇ ಇರುತ್ತದೆ. ಅದಕ್ಕೇ ಶಿವಲೀಲಾ ಪ್ರತಿ ಮಂಗಳವಾರ ಓಣಿಯ ಹೆಂಗಸರನ್ನು ಕೂಡಿಸಿ, "ಕತ್ತರಿ ಮುಟ್ಟಬ್ಯಾಡ್ರಿ, ದಿನಾ ನಾಕ ಸಾಲರ ಬರೀರಿ" ಎಂದು ಹುರಿದುಂಬಿಸುತ್ತಾಳೆ.

ಈ ಮಂಗಳವಾರ ಹೊರಡುವ ಮುನ್ನ ಅವಳು ಅತ್ತೆ ಬಸಲಿಂಗವ್ವನ ತಲೆ ಬಾಚುತ್ತಿದ್ದಳು. ಕತ್ತಿನ ಹತ್ತಿರ ಹಳೆಯ ಸಿಕ್ಕೊಂದಕ್ಕೆ ಬಾಚಣಿಗೆ ತಡೆದು ನಿಂತಿತು.

"ಅದು ನನ್ನ ತಂಗೀದು ಯವ್ವಾ," ಎಂದಳು ಬಸಲಿಂಗವ್ವ. "ಅವತ್ತ ಇಬ್ಬರೂ ಬಾವಿಕಟ್ಟಿ ಮ್ಯಾಲ ಕುಂತಿದ್ವಿ..."

"ಸಂಜಿಗೆ ಹೇಳ್ರಿ ಅತ್ತಿ. ಅಲ್ಲೆ ಎಲ್ಲಾರೂ ನನ್ನ ದಾರಿ ಕಾಯಾಕತ್ತಾರ."

ಕೈ ಕತ್ತರಿಗೆ ಹೋದದ್ದು ಅವಳಿಗೇ ತಿಳಿಯಲಿಲ್ಲ. ಸಿಕ್ಕನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿ, ಹೆರಳು ಹೆಣೆದು ಓಡಿದಳು.

ಅಂದು ಒಬ್ಬಾಕೆ ಮೊದಲ ಸಲ ತಾನು ಬರೆದದ್ದನ್ನು ಓದಿದಳು, ಎಲ್ಲರೂ ಕಣ್ಣೊರೆಸಿಕೊಂಡರು. ಶಿವಲೀಲಾಳಿಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದವಳೇ ಹಾಳೆ, ಪೆನ್ನು ಹಿಡಿದು ಅತ್ತೆಯ ಮುಂದೆ ಕೂತಳು.

"ನಿಮ್ಮ ತಂಗೀದು ಹೇಳ್ರಿ ಅತ್ತಿ, ನಾ ಬರಕೊಳ್ತೀನಿ."

"ಯಾವ ತಂಗಿ? ನಮ್ಮವ್ವಗ ನಾ ಒಬ್ಬಾಕಿನ." ಬಸಲಿಂಗವ್ವ ಕತ್ತು ಸವರಿಕೊಂಡು ನಕ್ಕಳು. "ತಲಿ ಎಷ್ಟ ಹಗರಾಗೇತಿ ನೋಡು! ದೇವರು ನಿನ್ನ ಚಲೋ ಇಡ್ಲಿ."

'ಬಾವಿಕಟ್ಟೆಯ ಮೇಲೆ ಅಕ್ಕ ತಂಗಿ ಕೂತಿದ್ದರು' ಎಂದು ಶಿವಲೀಲಾ ಬರೆದಳು. ಮುಂದಿನದನ್ನು ಕಸದ ಗಾಡಿ ಮಧ್ಯಾಹ್ನವೇ ಒಯ್ದಿತ್ತು.