ಹಗಲಿಗೆ ಬಿಟ್ಟ ಪಿಶಾಚಿ

"ಓ ನೆಗೆಟಿವ್ ಒಂದೇ ಬಾಟ್ಲಿ ಬಂದದ್ರೀ," ಎಂದು ನರ್ಸ್ ಜಗದೀಶ ಎರಡು ಮಂಚಗಳ ನಡುವೆ ನಿಂತು ಹೇಳಿದ. "ಇನ್ನೊಂದು ನಾಳಿ ಕಲಬುರಗಿಯಿಂದ ಬರತದ. ಒಂದಿನ ತಡದ್ರ ಇಬ್ಬರಿಗೂ ಏನೂ ಆಗಂಗಿಲ್ಲ ಅಂದಾರ ಡಾಕ್ಟರು. ಇವತ್ತು ಯಾರಿಗೆ ಹಾಕ್ಲಿ, ನೀವ ಹೇಳ್ರಿ."

"ಟೀಚರ್‌ಗೆ ಹಾಕ್ರಿ," ಎಂದಳು ಆತಿಯಾ.

"ಈ ಹುಡುಗಿಗೆ ಹಾಕಪಾ," ಎಂದರು ಅಹಲ್ಯಾಬಾಯಿ.

ಎರಡು ಮಾತೂ ಒಟ್ಟಿಗೇ ಬಂದವು. ಜಗದೀಶ ತಲೆ ಕೆರೆದುಕೊಂಡು, "ಮಾತಾಡಿ ಒಂದ್ ಮಾಡ್ಕೊಂಡು ಕರೀರಿ," ಎಂದು ಆಚೆ ಹೋದ.

ಅವರಿಬ್ಬರ ಪರಿಚಯ ರಾಯಚೂರಿನ ಆ ವಾರ್ಡಿನಲ್ಲೇ ಆದದ್ದು. ಅಹಲ್ಯಾಬಾಯಿ ಮಾನ್ವಿಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಈಚೆಗೆ ಅವರ ಮೈ ರಕ್ತ ಹುಟ್ಟಿಸುವುದನ್ನೇ ಮರೆಯತೊಡಗಿತ್ತು. ಯರಗೇರಾದ ವಿಶ್ವವಿದ್ಯಾಲಯದಲ್ಲಿ ಓದುವ ಆತಿಯಾಳದು ಹುಟ್ಟಿನಿಂದಲೇ ಬಂದ ಕಾಯಿಲೆ. ತಿಂಗಳಿಗೊಮ್ಮೆ ಅಕ್ಕಪಕ್ಕದ ಮಂಚದಲ್ಲಿ ಮಲಗಿ, ಯಾರದೋ ರಕ್ತ ಹನಿಹನಿಯಾಗಿ ಏರುವಾಗ ಹೊತ್ತು ಹೋಗಬೇಕಲ್ಲ! ಆತಿಯಾ ಪೊಟ್ಟಣ ಪೊಟ್ಟಣವಾಗಿ ಕೊಂಡು ಕೂಡಿಸಿಟ್ಟ ರಕ್ತಪಿಶಾಚಿಗಳ ಕಾರ್ಡುಗಳನ್ನು ತಂದು ಆಟ ಕಲಿಸಿದ್ದಳು. ಕೋರೆಹಲ್ಲಿನ ಆ ಚಿತ್ರಗಳನ್ನು ಕಂಡು ಮೊದಲ ಸಲ "ಹರಿ ಹರಿ" ಎಂದಿದ್ದ ಅಹಲ್ಯಾಬಾಯಿಯನ್ನು ಈಗ ಸೋಲಿಸುವುದೇ ಕಷ್ಟವಾಗಿತ್ತು.

"ಆಡಿ ತೀರ್ಮಾನ ಮಾಡೋಣ್ರಿ ಟೀಚರ್. ಗೆದ್ದವರಿಗೆ ಬಾಟ್ಲಿ," ಎಂದಳು ಆತಿಯಾ.

ಅಹಲ್ಯಾಬಾಯಿ ಕೂಡಲೇ ಒಪ್ಪಿದರು. ಬೆಳಗ್ಗೆ ಈ ಹುಡುಗಿ ಗೆಳತಿಗೆ ಫೋನಿನಲ್ಲಿ, "ನಾಳಿ ಪರೀಕ್ಷಿಗೆ ಬಂದೇ ಬರ್ತೀನಿ ಬೇ, ಕುಂತು ಬರಿಯಾಕ ಆದ್ರ ಸಾಕು," ಎಂದದ್ದು ಅವರ ಕಿವಿಗೆ ಬಿದ್ದಿತ್ತು. ಸೋಲುವುದೇನು ದೊಡ್ಡ ಕೆಲಸ?

ಇಬ್ಬರ ಮುಂದೆಯೂ ರಕ್ತದ ಲೆಕ್ಕಕ್ಕೆ ಕೆಂಪು ಗುಂಡಿಗಳು ಬಂದವು. ಕಾರ್ಡು ಹಂಚುತ್ತ ಆತಿಯಾ ನಕ್ಕಳು. "ಮೊಬೈಲ್‌ನ್ಯಾಗ ಒಬ್ಬ ಪಂಡಿತ ಈ ಆಟ ಗೆಲ್ಲೋ ಗುಟ್ಟು ಬರದಾನ್ರಿ, ಕೇಳ್ರಿ. 'ನಿಮ್ಮ ರಕ್ತ ಮುಗಿಯದಂತೆ ನೋಡಿಕೊಳ್ಳಿ. ಮುಗಿದರೆ ನೀವು ಸೋಲುತ್ತೀರಿ.'"

"ಅಬಬಾ, ಎಂಥಾ ಗುಟ್ಟು!"

"'ಎದುರಾಳಿಯ ರಕ್ತ ಕುಡಿಯಿರಿ, ನಿಮ್ಮದನ್ನು ಕುಡಿಯಬೇಡಿ. ಹಗಲಿನಲ್ಲಿ ಪಿಶಾಚಿಯನ್ನು ಹೊರಗೆ ಬಿಡಬೇಡಿ, ಸುಟ್ಟುಹೋಗುತ್ತದೆ. ಗೆಲ್ಲುವ ಕಾರ್ಡು ಕೈಯಲ್ಲಿದ್ದರೆ ಅದನ್ನು ಹಾಕಿ.'"

"ನಮ್ಮೂರ ಬಿಸಿಲಿಗೆ ಪಿಶಾಚಿನೇ ಯಾಕವಾ, ಮನುಷ್ಯಾರೂ ಸುಡ್ತಾರ," ಎಂದರು ಅಹಲ್ಯಾಬಾಯಿ. ನಕ್ಕರೂ ಆ ಪಂಡಿತನ ಮೇಲೆ ಅವರಿಗೆ ಕನಿಕರ ಬಂತು. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೆ ಹೇಳಿದವರು ಅವರು. ಎಲ್ಲರಿಗೂ ಗೊತ್ತಿದ್ದ ಮಾತು, ಯಾರೂ ಪಾಲಿಸದ ಮಾತು.

ಆಟ ಮುಂದೆ ಸಾಗಲೇ ಇಲ್ಲ. ಅಹಲ್ಯಾಬಾಯಿ ಬಡಪಾಯಿ ಪಿಶಾಚಿಯೊಂದನ್ನು ಇಳಿಸಿದರೆ, ಆತಿಯಾ ಅದಕ್ಕಿಂತ ಬಡಪಾಯಿಯನ್ನು ಇಳಿಸಿದಳು. ಕಚ್ಚಬೇಕಾದಲ್ಲಿ ಇವರು ಸುಮ್ಮನೆ ಕುಳಿತರೆ, ಅವಳೂ "ನಂದೂ ಏನಿಲ್ರಿ" ಎಂದು ಕುಳಿತಳು. ಕೆಂಪು ಗುಂಡಿಗಳು ಇಟ್ಟಲ್ಲೇ ಇದ್ದವು. ಕೈಯಲ್ಲಿದ್ದ ಒಂದು ಕಾರ್ಡನ್ನು ಆತಿಯಾ ಮತ್ತೆ ಮತ್ತೆ ಹಿಂದಕ್ಕೆ ಸರಿಸುತ್ತಿದ್ದುದು ಅಹಲ್ಯಾಬಾಯಿಗೆ ಕಾಣಿಸಿತು. ಪರೀಕ್ಷೆಯ ಕೋಣೆಯಲ್ಲಿ ಬಹಳ ವರ್ಷ ಕಾವಲಿದ್ದ ಕಣ್ಣು ಅದು. ಉತ್ತರ ಗೊತ್ತಿಲ್ಲದ ಮಕ್ಕಳನ್ನು ಅವರು ಸಾಕಷ್ಟು ನೋಡಿದ್ದರು. ಗೊತ್ತಿದ್ದೂ ಬರೆಯದವಳನ್ನು ಇದೇ ಮೊದಲು ನೋಡುತ್ತಿದ್ದರು. ಈ ಹುಡುಗಿಯೂ ಸೋಲಲೆಂದೇ ಕುಳಿತಿದ್ದಾಳೆ! ಸೋಲುವುದಕ್ಕೂ ಇನ್ನು ಸ್ವಲ್ಪ ಜಾಣತನ ಬೇಕು ಎಂದುಕೊಂಡರು.

ಆಟದಲ್ಲಿ ಹಗಲಿನ ಸರದಿ ಬಂತು. ಅಹಲ್ಯಾಬಾಯಿ ತಮ್ಮ ಕೈಯಲ್ಲಿದ್ದ ಎಲ್ಲಕ್ಕಿಂತ ಬಲಶಾಲಿ ಪಿಶಾಚಿಯನ್ನು ತೆಗೆದು, ತಮ್ಮ ಗುಂಡಿಗಳನ್ನೆಲ್ಲ ಅದರ ಮೇಲೆ ಪೇರಿಸಿ, ಮೆಲ್ಲಗೆ ಹೊರಗೆ ಸರಿಸಿದರು.

"ಟೀಚರ್! ಹಗಲು ಅದ! ಅದು ಸುಟ್ಟು ಹೋಗತದ್ರೀ, ಅದರ ರಕ್ತ ಎಲ್ಲಾ ನನಗ ಬರತದ!"

"ಹೌದೇನು? ವಯಸ್ಸಾತು ನೋಡವಾ, ಲಕ್ಷ್ಯ ಇರಲಿಲ್ಲ," ಎನ್ನುತ್ತ ಅಹಲ್ಯಾಬಾಯಿ ಗುಂಡಿಗಳನ್ನೆಲ್ಲ ಅವಳ ಕಡೆ ದೂಡಿದರು. "ಗೆದ್ದಿ ನೀನು. ಜಗದೀಶಾ, ಬಾರಪಾ!"

"ಇದು ಮೋಸ ರೀ," ಎಂದಳು ಆತಿಯಾ. ಅವಳ ಕಣ್ಣು ತುಂಬಿತ್ತು. "ಬೇಕಂತ ಸೋತ್ರಿ ನೀವು."

"ಸೋಲೋದು ಮೋಸ ಅಂತ ಯಾವ ಆಟದಾಗ ಅದವಾ? ಮಾತು ಕೊಟ್ಟೀದಿ, ಕೈ ಮುಂದ ಮಾಡು."

ಆ ದನಿಗೆ ಮಾನ್ವಿಯಲ್ಲಿ ಎಷ್ಟೋ ಮಕ್ಕಳು ಕೈ ಮುಂದೆ ಮಾಡಿದ್ದರು. ಆತಿಯಾಳೂ ಮಾಡಿದಳು. ಜಗದೀಶ ಹೆಸರು ಕೇಳಿ, ಚೀಟಿ ನೋಡಿ, ಸೂಜಿ ಚುಚ್ಚಿದ. ಕೊಳವೆಯಲ್ಲಿ ಕೆಂಪು ಇಳಿಯತೊಡಗಿತು.

ಅಹಲ್ಯಾಬಾಯಿ ಸೆರಗು ಸರಿಮಾಡಿಕೊಂಡು, ಚೀಲ ಹೆಗಲಿಗೆ ಹಾಕಿ ಎದ್ದರು. ಎದ್ದದ್ದೇ ತಡ, ವಾರ್ಡು ಒಮ್ಮೆ ಗಿರ್ರನೆ ತಿರುಗಿತು. ಎದುರಿನ ಕಿಟಕಿ ಗೋಡೆಯಿಂದ ಜಾರಿ ಕೆಳಗೆ ಹೋದಂತಾಯಿತು. ಕೈಗೆ ಸಿಕ್ಕ ಆತಿಯಾಳ ಮಂಚದ ಕಬ್ಬಿಣವನ್ನು ಬಿಗಿಯಾಗಿ ಹಿಡಿದು, ಮುಖದ ಮೇಲೆ ನಗು ಇಟ್ಟುಕೊಂಡು ನಿಂತರು.

"ಯಾಕ ನಿಂತ್ರಿ ಟೀಚರ್? ಮಾನ್ವಿ ಬಸ್ ಹೋಗತದ."

"ತಡಿಯವಾ," ಎಂದರು ಅಹಲ್ಯಾಬಾಯಿ, ಕಬ್ಬಿಣ ಬಿಡದೆ. "ನಿನ್ನ ಮಾರಿಗೆ ಬಣ್ಣ ಬರೋದು ನೋಡ್ಲಿಕತ್ತೀನಿ."