ಬೇಲಿಯಾಚೆಯ ರಾಜಗಿರಿ

ಈ ಪರದೇಶದಿಂದ ಹುಬ್ಬಳ್ಳಿಗೆ ವಾಪಸ್ ಟಿಕೆಟ್ ತೆಗೆಸಿದ್ದು ಸೊಸೆಯೇ. ಮಗ ಶಿವರಾಜ ಬಾಯಿಬಿಟ್ಟು ಹೇಳದಿದ್ದರೂ ಕಾಶವ್ವನಿಗೆ ತಿಳಿಯಿತು. ದೀಪಾವಳಿ ಮುಗಿದೊಡನೆ ಮೊಮ್ಮಗ ಕುಶಲ್ ಡೇಕೇರಿಗೆ, ಅಜ್ಜಿ ವಿಮಾನಕ್ಕೆ. ಹುಟ್ಟಿದಂದಿನಿಂದ ಕೂಸು ಅವಳ ಮಡಿಲಲ್ಲೇ ಬೆಳೆದಿತ್ತು. ಅದನ್ನು ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ.

ಅವಳು ಜಗಳ ತೆಗೆಯಲಿಲ್ಲ. ಅಡುಗೆಮನೆ ಹಿಡಿದಳು.

"ಈ ಊರಿನ ಕಥಿ ಅಂದ್ರ ಇಷ್ಟ ನೋಡವ್ವಾ," ಎಂದು ಶಿವರಾಜ ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದ. "ಮೊದಲ ಏಪ್ರಿಕಾಟ್ ತ್ವಾಟ, ಆಮ್ಯಾಗ ಹಣ್ಣು ಡಬ್ಬಿಗೆ ತುಂಬೋ ಕಾರ್ಖಾನಿ, ಆಮ್ಯಾಗ ಬ್ಯಾಟರಿ ಫ್ಯಾಕ್ಟರಿ. ಈಗ ನಾವು."

ಹಿತ್ತಲ ಬೇಲಿಯಾಚೆಯ ಬಯಲು ಮುಚ್ಚಿಹೋದ ಆ ಬ್ಯಾಟರಿ ಫ್ಯಾಕ್ಟರಿಯದು. ಸುತ್ತ ಮನೆಗಳೆದ್ದರೂ ಅಲ್ಲಿ ಯಾರೂ ಕಟ್ಟಿರಲಿಲ್ಲ. ರಾಜಗಿರಿ ಸೊಪ್ಪು ಮಾತ್ರ ಸೊಂಟದೆತ್ತರ ಎದ್ದಿತ್ತು. ಪಕ್ಕದಲ್ಲೊಂದು ಹಳದಿ ಬೋರ್ಡು. ಕಾಶವ್ವನಿಗೆ ಇಂಗ್ಲಿಷ್ ಬಾರದು.

ಊಟಕ್ಕೆ ಗಂಡಸರು, ಮಕ್ಕಳು ಮೊದಲು, ಸೊಸೆ ಕಡೆಗೆ. ಹುಬ್ಬಳ್ಳಿ ಕಡೆಯ ಆ ರೂಢಿಯನ್ನು ಸೊಸೆ ವಿಜಯಶ್ರೀ ಆಡಿಕೊಂಡು ನಗುತ್ತಿದ್ದಳು. ಆದರೂ ಆಫೀಸಿನಿಂದ ತಡವಾಗಿ ಬರುವವಳು ಕಡೆಗೇ ಉಣ್ಣುತ್ತಿದ್ದಳು.

"ಇಲ್ಲೂ ಲಾಸ್ಟ್ ಪ್ಲೇಟು ನಂದೇ ಏನ್ರಿ ಅತ್ತಿ?"

"ಕಡೀಕ ಉಂಡವರಿಗೇ ಛಲೋದು ಉಳೀತದವಾ."

ಮುಚ್ಚಿಟ್ಟ ಬಟ್ಟಲಲ್ಲಿ ರಾಜಗಿರಿ ಪಲ್ಯ, ಮೇಲೆ ಶೇಂಗಾಪುಡಿ. ತಟ್ಟೆ ಬಳಿದು ಏಳುತ್ತಿದ್ದಳು ಸೊಸೆ. ಕಾಶವ್ವನದು ಮೊಸರನ್ನ, ಹಲ್ಲಿಲ್ಲ ಎನ್ನುತ್ತಿದ್ದಳು. ಮಗನಿಗೆ ಅಂಗಡಿಯ ಬದನೆಕಾಯಿ.

"ಅಜ್ಜೀ, ಐ ವಾಂಟ್ ದಟ್," ಎಂದು ಕುಶಲ್ ಒಂದು ದಿನ ಬಟ್ಟಲಿಗೆ ಕೈ ಹಾಕಿದ. ಎಂದೂ ಗದರದವಳು ಚಟ್ಟನೆ ಕೈಗೆ ಹೊಡೆದಳು.

"ಅದು ನಿಮ್ಮವ್ವಂದು!"

ಶಿವರಾಜನ ಕಣ್ಣು ತೇವವಾಯಿತು. ಸೊಸೆಯ ಮೇಲೆ ಅವ್ವನಿಗೆ ಇಷ್ಟು ಜೀವ!

ದಸರೆಯ ಹೊತ್ತಿಗೆ ವಿಜಯಶ್ರೀ ಹಾಸಿಗೆ ಹಿಡಿದಳು. ಹೊಟ್ಟೆನೋವು, ಕೈನಡುಕ. ಡಾಕ್ಟರು ಸ್ಟ್ರೆಸ್ ಅಂದರು. ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ದೂ ಅವಳೇ.

"ಹೋಗಬ್ಯಾಡ್ರಿ ಅತ್ತಿ," ಎಂದು ಕೈ ಹಿಡಿದು ಅತ್ತಳು. "ಕೂಸಿಗೆ ನೀವ ಬೇಕು. ನನಗೂ ಬಾಯಿಗೆ ಏನೂ ಸೇರವಲ್ದು. ನಿಮ್ಮ ರಾಜಗಿರಿ ಪಲ್ಯ ಒಂದ ಒಳಗ ಹೋಗ್ತದ."

"ಮಾಡ್ತೀನಿ ತಗೊ ನನ್ನವ್ವಾ."

ಕಾಶವ್ವ ಬುಟ್ಟಿ ಹಿಡಿದು ಬೇಲಿಯ ಸಂದಿನಲ್ಲಿ ತೂರಿದಳು. ಬೋರ್ಡಿನ ಬುಡದಲ್ಲೇ ಸೊಪ್ಪು ಎಳೆಯದಾಗಿತ್ತು.

ಬೋರ್ಡಿನ ಅಕ್ಷರ ಅವಳಿಗೆ ಇಂದಿಗೂ ಓದಲು ಬಾರದು. ಅದರ ಮೇಲಿನ ತಲೆಬುರುಡೆಯನ್ನು ಮೊದಲ ದಿನವೇ ಓದಿಕೊಂಡಿದ್ದಳು.