ಹಸಿವೋ, ನೋವೋ

ಮಗು ಹೆತ್ತು ಮತ್ತೆ ಶಾಲೆಗೆ ಬಂದ ಹುಡುಗಿ ಬೆಂಚಿನಲ್ಲಿ ಕೂತ ಕೂಡಲೇ ಪಕ್ಕದವರೆಲ್ಲ ಎದ್ದು ಹಿಂದೆ ಹೋದರು. ತರಗತಿಯವರು ಬಾಯಿಬಡುಕಿ ಎಂದು ಕರೆಯುತ್ತಿದ್ದವಳೂ ಎದ್ದಳು. "ಅವಳ ಗಾಳಿನೂ ಸೋಕಬಾರದು" ಎಂದು ಅಮ್ಮ ಹೇಳಿ ಕಳಿಸಿದ್ದರು. ಆದರೂ ಕುತೂಹಲ ತಡೆಯಲಾರದೆ ಅವಳು ಅಲ್ಲೇ ನಿಂತಳು.

ಮಗುವಿನ ಅಪ್ಪ ಯಾರೆಂದು ಕೇಳಲೆಂದೇ ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿಯ ಸಮವಸ್ತ್ರದ ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಕಂಡಿತು. ಬಾಯಿಂದ ಬಂದದ್ದೇ ಬೇರೆ.

"ಪಾಪು ಅತ್ರೆ ಹಸಿವೋ, ನೋವೋ ಅಂತ ನಿಂಗೆ ಹೇಗೆ ಗೊತ್ತಾಗತ್ತೆ?"

ಹುಡುಗಿ ತಲೆಯೆತ್ತಿ ಅವಳನ್ನೇ ನೋಡಿದಳು. ಇಂಥದ್ದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಗೊತ್ತಾಗಲ್ಲ ಕಣೇ. ಒಂದೊಂದ್ಸಲ ಇಬ್ರೂ ಸೇರಿ ಅಳ್ತೀವಿ."

ಬಾಯಿಬಡುಕಿ ಹಿಂದೆ ಹೋದವರತ್ತ ಒಮ್ಮೆ ನೋಡಿದಳು. ಆಮೇಲೆ, "ಸ್ವಲ್ಪ ಆ ಕಡೆ ಸರಿ" ಎಂದು ಹೇಳಿ ಅವಳ ಪಕ್ಕದಲ್ಲೇ ಕೂತಳು.